ಹೊನ್ನೆ ಮರದ ಲೋಟ ಮತ್ತು ಹೊನ್ನೆ ಮರ

ಗಾಂಧಿ ಬಜಾರಿನಲ್ಲಿ ತಂದೆಯವರ ಸಕ್ಕರೆ ಕಾಯಿಲೆಗೆಂದು ಕೊಂಡ ಮರದ ಲೋಟ ಹೊಂಗೆಯದೋ ಹೊನ್ನೆಯದೋ, ಆ ಮರದಿಂದ ಬೇರೇನು ಉಪಯೋಗ ಎಂದು ತಾವು ಕೇಳಿದ್ದೀರಿ. ಅಂಥ ಲೋಟಗಳನ್ನು ಮಾಡುವುದು ಹೊನ್ನೆಯಿಂದ. ಬೆಂಗಳೂರಿನ ರಸ್ತೆಬದಿಯಲ್ಲಿ ನೆರಳು ಕೊಡುವ ಹೊಂಗೆಗೆ ಬೆಲೆಯಿರುವುದು ಬೀಜದ ಎಣ್ಣೆಯಿಂದ. ಹೊನ್ನೆಗೆ ಬೆಲೆಯಿರುವುದು ಚೇಗಿನಿಂದ, ಅಂದರೆ ಕಾಂಡದ ನಡುವಿನ ಗಟ್ಟಿ ಮರದಿಂದ. (ಕರಾವಳಿಯಲ್ಲಿ ದೀಪಕ್ಕೆ ಹಾಕುತ್ತಿದ್ದ ಹೊನ್ನೆಯೆಣ್ಣೆ ಮೂರನೆಯದೇ ಒಂದು ಮರದ್ದು.)

ಹೊನ್ನೆಯನ್ನು ಕಾಯಿಯಿಂದಲೇ ಗುರುತಿಸಬಹುದು. ಅವರೆಯಂತೆ ಉದ್ದವಾಗಿರದೆ, ನಾಣ್ಯದಂತೆ ದುಂಡಗೆ ಚಪ್ಪಟೆಯಾಗಿ, ನಡುವೆ ಉಬ್ಬಿದ ಗಟ್ಟಿ ಬೀಜಕೋಶವನ್ನೂ ಸುತ್ತಲೂ ಗಾಳಿಗೆ ತೇಲಲು ತೆಳುವಾದ ರೆಕ್ಕೆಯನ್ನೂ ಹೊಂದಿರುತ್ತದೆ. ತಪಸಿ ಮರದ ಕಾಯಿಗೂ ಇಂಥದೇ ರೆಕ್ಕೆಯಿರುವುದರಿಂದ ನಾನೂ ಒಮ್ಮೆ ಅದನ್ನೇ ಹೊನ್ನೆಯೆಂದು ಆರಿಸಿ ತಂದಿದ್ದೆ. ತಪಸಿಯದು ಕಾಗದದಷ್ಟು ತೆಳು, ಎಲೆ ಬಿಡಿ ಎಲೆ. ಹೊನ್ನೆಯದು ಐದೇಳು ಕಿರುಎಲೆಗಳ ಸಂಯುಕ್ತ ಎಲೆ.

ಗಡುಸಾಗಿ ಬಹುಕಾಲ ಬಾಳುವ ಈ ಮರವನ್ನು ಬಾಗಿಲು-ಕಿಟಕಿಗಳ ಚೌಕಟ್ಟು, ಗಾಡಿ, ನೇಗಿಲು, ಪೀಠೋಪಕರಣಗಳಿಗೆ ಬಳಸುತ್ತ ಬಂದಿದ್ದಾರೆ. ಆದರೆ ನೀರು ತಾಗಿದರೆ ಹಳದಿ ಬಣ್ಣ ಬಿಡುವುದರಿಂದ ಸುಣ್ಣದ ಗೋಡೆಗೆ ತಾಗಿದಂತೆ ಇಟ್ಟರೆ ಕಲೆ ತಪ್ಪಿದ್ದಲ್ಲ. ತೊಗಟೆಗೆ ಏಟು ಬಿದ್ದರೆ ನೆತ್ತರಿನಂಥ ಕೆಂಪು ರಸ ಒಸರುತ್ತದೆ. ಅದು ಒಣಗಿ ಆಗುವ ಒಗರಾದ ಅಂಟನ್ನು ಭೇದಿಗೂ ಹಲ್ಲುನೋವಿಗೂ ಕೊಡುತ್ತಿದ್ದರು. ಎಲೆ ದನಗಳಿಗೆ ಮೇವು, ಗದ್ದೆಗೆ ಹಸಿರುಗೊಬ್ಬರ.

ಇನ್ನು ಲೋಟದ ಮಾತು. ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಕುಡಿದರೆ ಸಕ್ಕರೆ ಇಳಿಯುತ್ತದೆಂಬುದು ನಂಬಿಕೆ. ಆಯುರ್ವೇದದಲ್ಲಿ ವಿಜಯಸಾರವೆಂದು ಕರೆಯುವ ಹೊನ್ನೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹೊಸದಾಗಿ ಮಧುಮೇಹ ಪತ್ತೆಯಾದ 97 ಮಂದಿಯಲ್ಲಿ 67 ಮಂದಿಗೆ 12 ವಾರಗಳೊಳಗೆ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಅವರಿಗೆ ಕೊಟ್ಟದ್ದು ಗ್ರಾಂ ಲೆಕ್ಕದಲ್ಲಿ ಅಳೆದ ಔಷಧ, ಲೋಟದಲ್ಲಿ ರಾತ್ರಿಯಿಡೀ ನೆನೆದ ನೀರಲ್ಲ. ಹೋಲಿಸಿ ನೋಡಲು ಔಷಧವಿಲ್ಲದ ಇನ್ನೊಂದು ಗುಂಪೂ ಇರಲಿಲ್ಲ. ಆದಕಾರಣ ಈ ನೀರನ್ನು ನಂಬಿ ತಂದೆಯವರ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯ ಜೊತೆಗೇ ಕುಡಿಯುವುದಾದರೂ, ಸಕ್ಕರೆ ತೀರ ಇಳಿದೀತೆಂಬ ಕಾರಣಕ್ಕೆ ವೈದ್ಯರಿಗೆ ತಿಳಿಸಿರಬೇಕು.

ಲೋಟ ನಿಜವಾಗಿಯೂ ಹೊನ್ನೆಯದೇ ಎಂದು ನೋಡಬೇಕಿದ್ದರೆ, ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಗ್ಗೆ ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿಯಿರಿ. ತಿಳಿ ಚಹಾದ ಬಣ್ಣದ ನೀರಿನಲ್ಲಿ ಓರೆಯಾಗಿ ನೋಡಿದಾಗ ನೀಲಿ ಮಿಂಚು ಕಾಣಬೇಕು.