ದಾವಣಗೆರೆಯಲ್ಲಿ ಪಿಯುಸಿ ಮುಗಿಸಿದ್ದೇನೆ. ರಾಜ್ಯಶಾಸ್ತ್ರ, ಅಪರಾಧಶಾಸ್ತ್ರ ಒಟ್ಟಿಗೆ ಓದಿದರೆ ಪ್ರಯೋಜನವಿದೆಯಾ?

ಖಂಡಿತ ಇದೆ. ಯಾವುದು ಅಪರಾಧ ಅಂತ ತೀರ್ಮಾನಿಸುವುದೇ ಸರ್ಕಾರ ಅಲ್ವಾ? 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯನ್ನೇ ನೋಡಿ. ಕೆಲವು ಸಮುದಾಯಗಳನ್ನು ಇಡಿಯಾಗಿ ಅಪರಾಧಿಗಳ ಪಟ್ಟಿಗೆ ಸೇರಿಸಿದರು. ಪೊಲೀಸರ ಹತ್ತಿರ ಹೆಸರು ಬರೆಸಬೇಕು, ಊರು ಬಿಡೋಕೂ ಅನುಮತಿ ಬೇಕು. ಏನೂ ಕದಿಯದವರಿಗೂ ಇದೇ ಕಟ್ಟಳೆ. 1952ರಲ್ಲಿ ಆ ಕಾಯ್ದೆ ಹೋಯಿತು, ಅದು ಹಚ್ಚಿದ ಕಳಂಕ ಮಾತ್ರ ಪೂರ್ತಿ ಹೋಗಿಲ್ಲ. ಇಂಥದ್ದು ಅರ್ಥವಾಗಬೇಕಾದರೆ ಅಧಿಕಾರ ಯಾರ ಕೈಯಲ್ಲಿತ್ತು ಅನ್ನುವುದೂ ಗೊತ್ತಿರಬೇಕು.

ಬಿ.ಎ.ಗೆ ಸೇರುವ ಮುಂಚೆ ಎರಡೂ ಒಂದೇ ಕಾಂಬಿನೇಷನ್‌ನಲ್ಲಿ ಸಿಗುತ್ತವಾ ಕೇಳಿ. ಮುಂದಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರದ ವಿಭಾಗವಿದೆ. ಹಳೇ ಪುಸ್ತಕ ಕೊಳ್ಳುವಾಗ ಹುಷಾರು: 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಸೆಕ್ಷನ್ ನಂಬರುಗಳೂ ಬದಲಾಗಿವೆ.