ಅಟ್ಟದ ಬಂದೂಕಿಗೆ 1894ರ ಪ್ರಾಯವೇ?

ನಮಸ್ಕಾರ. ಅಮೆರಿಕದ ಒಹಾಯೊದಲ್ಲಿ ಕೊಂಡ ಹಳೆಯ ಮನೆಯ ಅಟ್ಟದಲ್ಲಿ ಸಿಕ್ಕ .22 (ಗುಂಡಿನ ಅಳತೆ, ಇಂಚಿನಲ್ಲಿ) ಬಂದೂಕಿನ ನಳಿಗೆಯ ಮೇಲೆ ‘ಜೆ. ಸ್ಟೀವನ್ಸ್ ಎ. ಅಂಡ್ ಟಿ. ಕೋ., ಚಿಕೋಪಿ ಫಾಲ್ಸ್’ ಎಂದೂ ‘ಪೇಟೆಂಟ್ ಏಪ್ರಿಲ್ 17, 94’ ಎಂದೂ ಇದೆ, ಹಾಗಾದರೆ ಇದು 1894ರದೇ ಎಂದು ಕೇಳಿದ್ದೀರಿ. ಅಲ್ಲ. ಅದು ಪೇಟೆಂಟ್ ಸಿಕ್ಕ ದಿನ. ಆಮೇಲೂ ವರ್ಷಗಟ್ಟಲೆ ನಳಿಗೆಗಳ ಮೇಲೆ ಅದೇ ದಿನಾಂಕದ ಮುದ್ರೆ ಒತ್ತುತ್ತಾ ಹೋದರು.

ನಿಜವಾದ ಸುಳಿವು ‘ಎ. ಅಂಡ್ ಟಿ.’ಯಲ್ಲಿದೆ. ಆರ್ಮ್ಸ್ ಅಂಡ್ ಟೂಲ್ (ಆಯುಧ ಮತ್ತು ಉಪಕರಣ) ಎಂಬ ಆ ಹೆಸರನ್ನು ಬಂದೂಕು ತಯಾರಿಸಿದ ಸ್ಟೀವನ್ಸ್ ಕಂಪನಿ 1916ರಲ್ಲಿ ಕೈಬಿಟ್ಟಿತು. ಹಾಗಾಗಿ ನಿಮ್ಮದು ಅದಕ್ಕೂ ಮುಂಚಿನದು. ನೀವು ಕಳಿಸಿದ ಫೋಟೊದಲ್ಲಿ ಕಾಣುವ ಲಿವರ್ (ಗುಂಡು ತುಂಬಲು ಕೆಳಗೆಳೆಯುವ ಹಿಡಿ), ನಳಿಗೆ ಬಿಚ್ಚಲು ಕೆಳಗಿರುವ ಸ್ಕ್ರೂ ನೋಡಿದರೆ ಸ್ಟೀವನ್ಸ್‌ನ ‘ಫೇವರಿಟ್’ ಮಾದರಿಯೇ. ಆ ಕಾಲದ ಹುಡುಗರ ಅಚ್ಚುಮೆಚ್ಚಿನ ಬಂದೂಕು. ಸರಣಿ ಸಂಖ್ಯೆಯ ಬೆನ್ನು ಹತ್ತಬೇಡಿ, ಅದರಿಂದ ವರ್ಷ ಹೊರಡುವುದಿಲ್ಲ.

ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದಿರೋ, ಅಕ್ಷರಗಳ ಜೊತೆಗೆ ಬೆಲೆಯೂ ಹೋಯಿತು! ಎಣ್ಣೆ, ಹತ್ತಿಬಟ್ಟೆ ಸಾಕು. ಬಂದೂಕು ರಿಪೇರಿ ಬಲ್ಲವರು ಪರೀಕ್ಷಿಸುವ ತನಕ ಗುಂಡು ಹಾರಿಸಬೇಡಿ. ಇಂದಿನ ಹೆಚ್ಚು ವೇಗದ ತೋಟಾಗಳನ್ನಂತೂ ಅದಕ್ಕೆ ಹಾಕಲೇಬೇಡಿ.