ಸೀನಿಯರ್ ಕೊಟ್ಟ ಡಬ್ಬಿ

ರಾಜಾಜಿನಗರದ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು: ಮಗನಿಗೆ 17 ವರ್ಷ. 400 ಮೀಟರ್ ಓಡುತ್ತಾನೆ, ಕಂಠೀರವದಲ್ಲಿ ಪ್ರಾಕ್ಟೀಸ್. ದೊಡ್ಡ ಕೂಟದಲ್ಲಿ ಒಂದು ಪದಕ ಬಂದರೆ ಸ್ಪೋರ್ಟ್ಸ್ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟಿಗೆ ದಾರಿಯಾಗುತ್ತದೆ ಎಂಬ ಆಸೆ. ಕಳೆದ ತಿಂಗಳು ಸೀನಿಯರ್ ಹುಡುಗನೊಬ್ಬ ಲೇಬಲ್ ಇಲ್ಲದ ಪೌಡರ್ ಡಬ್ಬಿ ಕೊಟ್ಟಿದ್ದಾನೆ. 'ಎಲ್ಲರೂ ತಗೋತಾರೆ ಆಂಟಿ' ಅಂದನಂತೆ. 'ಹಿಂದಿನ ಸಂಚಿಕೆಯಲ್ಲಿ ಉದ್ದೀಪನ ಮದ್ದಿನ ಬಗ್ಗೆ ಬರೆಯುವಾಗ ಓಟಗಾರರನ್ನೇ ಬೈದಿರಿ. ಎಲ್ಲರೂ ತಗೊಳ್ಳೋದೇ ಆದರೆ ಅನುಮತಿ ಕೊಟ್ಟುಬಿಡಲಿ. ಆಗ ಎಲ್ಲರಿಗೂ ಒಂದೇ ನ್ಯಾಯ, ಅಲ್ವಾ?' ಎಂದು ಕೇಳಿದ್ದಾರೆ. ಕೆಮ್ಮಿನ ಸಿರಪ್ ಬಗ್ಗೆ, ಕಾಫಿ ಬಗ್ಗೆ ಇನ್ನೆರಡು ಪ್ರಶ್ನೆಗಳಿವೆ.

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ,

ಮೊದಲು ನಮ್ಮ ತಪ್ಪು. ನೀವು ಹೇಳಿದ ಮೇಲೆ ಹಿಂದಿನ ಸಂಚಿಕೆಯ ಬರಹವನ್ನು ಇನ್ನೊಮ್ಮೆ ಓದಿದೆ. ಮದ್ದು ನುಂಗಿದವರ ಬಗ್ಗೆ ಎರಡು ಪುಟ ಇತ್ತು. ಕೈಗೆ ಇಟ್ಟವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಮಾತು ಒಪ್ಪಿದೆ.

'ಎಲ್ಲರೂ' ಅನ್ನೋದನ್ನು ಮಾತ್ರ ಒಪ್ಪಲಾರೆ. ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ 2023ರ ಲೆಕ್ಕದಲ್ಲಿ ಭಾರತದ 5,606 ಸ್ಯಾಂಪಲ್‌ಗಳ ಪರೀಕ್ಷೆಯಾಗಿದೆ. ಅದರಲ್ಲಿ 213 ಪಾಸಿಟಿವ್, ನೂರಕ್ಕೆ 3.8. ಅಷ್ಟು ಜಾಸ್ತಿ ಪರೀಕ್ಷೆ ಮಾಡುವ ದೇಶಗಳಲ್ಲಿ ಇದಕ್ಕಿಂತ ಕೆಟ್ಟ ಲೆಕ್ಕ ಯಾರದ್ದೂ ಇರಲಿಲ್ಲ. ನಾಚಿಕೆಗೇಡೇ. ಸಿಕ್ಕಿಬೀಳದೆ ಉಳಿದವರೂ ಇದ್ದಾರೆ, ಬಿಡಿ. ಅದೇ ವರ್ಷ ದೆಹಲಿಯ ಕೂಟವೊಂದಕ್ಕೆ ಪರೀಕ್ಷೆ ಮಾಡುವವರು ಬಂದಿದ್ದಾರೆ ಅಂತ ಗೊತ್ತಾಗಿ, ಗಂಡಸರ 100 ಮೀಟರ್ ಫೈನಲ್‌ನಲ್ಲಿ ಓಡಲು ಉಳಿದವನು ಒಬ್ಬನೇ. ಶೌಚಾಲಯದಲ್ಲಿ ಸಿರಿಂಜುಗಳು ಬಿದ್ದಿದ್ದವು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನನ್ನ ತಲೆಯಲ್ಲಿ ಉಳಿದಿರುವುದು ಮಾತ್ರ ಓಡಿದ ಆ ಒಬ್ಬ ಹುಡುಗ.

ಅನುಮತಿ ಕೊಟ್ಟರೆ ನಿಮ್ಮ ಮಗನಿಗೆ ಏನಾಗುತ್ತದೆ ನೋಡಿ. ಇವತ್ತು ಆ ಸೀನಿಯರ್‌ಗೆ 'ಬೇಡಣ್ಣ' ಅಂದು ಅವನು ಟ್ರ್ಯಾಕಿಗೆ ಇಳಿಯಬಹುದು. ಅನುಮತಿ ಸಿಕ್ಕ ದಿನ 'ಬೇಡ' ಅಂದವನು ಓಟದಿಂದಲೇ ಹೊರಗೆ. ಆಮೇಲೆ ಯಾರು ಒಳ್ಳೆಯ ಮದ್ದು ಕೊಳ್ಳಬಲ್ಲರು, ಯಾರು ಡಾಕ್ಟರನ್ನು ಇಟ್ಟುಕೊಳ್ಳಬಲ್ಲರು ಅನ್ನೋದೇ ಪೈಪೋಟಿ. ಶೂಗೆ ದುಡ್ಡು ಹೊಂದಿಸೋದೇ ಕಷ್ಟ ಅಂತ ನೀವೇ ಬರೆದಿದ್ದೀರಿ.

ಸರ್ಕಾರವೇ ಮುಂದೆ ನಿಂತು ಮದ್ದು ಕೊಟ್ಟ ದೇಶವೂ ಇತ್ತು. 1970 ಮತ್ತು 80ರ ದಶಕದ ಪೂರ್ವ ಜರ್ಮನಿಯಲ್ಲಿ ಈಜುವ ಹುಡುಗಿಯರಿಗೆ ನೀಲಿ ಮಾತ್ರೆ ಕೊಡುತ್ತಿದ್ದರು. ವಿಟಮಿನ್ ಅಂತ ಹೇಳಿ. ಒಳಗಿದ್ದದ್ದು ಸ್ಟೆರಾಯ್ಡ್, ಗಂಡಸರ ಹಾರ್ಮೋನಿನ ಹಾಗೆ ಸ್ನಾಯು ಬೆಳೆಸುವ ಮದ್ದು. ಪದಕ ರಾಶಿ ಬಿತ್ತು. ಹುಡುಗಿಯರ ಧ್ವನಿ ಗಂಡಸರ ಹಾಗೆ ಒಡೆಯಿತು, ಎಷ್ಟೋ ಜನರ ಆರೋಗ್ಯ ಕೆಟ್ಟಿತು. ಆ ದೇಶದ ಕ್ರೀಡಾ ಮುಖ್ಯಸ್ಥ ಮ್ಯಾನ್‌ಫ್ರೆಡ್ ಎವಾಲ್ಡ್‌ಗೆ ಬರ್ಲಿನ್ ಕೋರ್ಟ್ ಶಿಕ್ಷೆ ಕೊಟ್ಟಿದ್ದು 2000ದಲ್ಲಿ. ಅಷ್ಟು ಹೊತ್ತಿಗೆ ಆ ಮಕ್ಕಳು ನಡುವಯಸ್ಸಿಗೆ ಬಂದಿದ್ದರು.

ನಮ್ಮ ಕಥೆಗೆ ಬರೋಣ. ಕುಂದಾಪುರ ಕಡೆಯ ಸಿದ್ದಾಪುರದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದಾಗ ಕರ್ನಾಟಕವೆಲ್ಲ ಕುಣಿದಿತ್ತು. ಮರುವರ್ಷ ಅವರ ಸ್ಯಾಂಪಲ್‌ನಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಸಪ್ಲಿಮೆಂಟಿನಿಂದ ಬಂದಿದ್ದು ಎಂದು ಅವರೂ ಜೊತೆಗೆ ಸಿಕ್ಕಿಬಿದ್ದ ಓಟಗಾರ್ತಿಯರೂ ಹೇಳಿದರು. ಉಕ್ರೇನಿನ ಆ ಕೋಚನ್ನು ಕೆಲಸದಿಂದ ತೆಗೆದರು. ಇಲ್ಲಿನ ಸಮಿತಿ ಒಂದು ವರ್ಷ ನಿಷೇಧ ಹಾಕಿತು, ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ಕೈಯಾರೆ ಕೊಟ್ಟವರು ಯಾರೇ ಇರಲಿ, ಮೈಯಲ್ಲಿ ಸಿಕ್ಕಿದ್ದಕ್ಕೆ ಓಟಗಾರರೇ ಹೊಣೆ. ನಿಯಮ ಇರುವುದು ಹಾಗೆ. 'ಗೊತ್ತಿರಲಿಲ್ಲ' ಅಂದರೆ ಶಿಕ್ಷೆ ಕಡಿಮೆಯಾಗಬಹುದು, ತಪ್ಪಿತಸ್ಥ ಅನ್ನೋದು ಹೋಗಲ್ಲ. 18 ದಾಟದವರ ವಿಷಯದಲ್ಲಿ ಸ್ವಲ್ಪ ಮೆತ್ತಗೆ ನೋಡುತ್ತಾರೆ. ಕೊಟ್ಟವರದು ಸಾಬೀತಾದರೆ ಕನಿಷ್ಠ 4 ವರ್ಷ, ಹೆಚ್ಚೆಂದರೆ ಜೀವನಪೂರ್ತಿ ನಿಷೇಧ. ಆ 'ಸಾಬೀತಾದರೆ' ಅನ್ನೋ ಮಾತಿನಲ್ಲೇ ಎಷ್ಟೋ ಜನ ಜಾರಿಕೊಳ್ಳುತ್ತಾರೆ.

ನನ್ನದೇ ಒಂದು ಪ್ರಸಂಗ. ಕೆಲವು ವರ್ಷದ ಹಿಂದೆ ಹೊಟ್ಟೆ ಕರಗಿಸಲು ಮನೆ ಹತ್ತಿರದ ಜಿಮ್‌ಗೆ ಸೇರಿದ್ದೆ. ಎರಡನೇ ವಾರಕ್ಕೇ ಟ್ರೇನರ್ ಕಿವಿಯಲ್ಲಿ ಹೇಳಿದ: 'ಸರ್, ಒಂದು ಇಂಜೆಕ್ಷನ್ ಇದೆ. ಸುಸ್ತೇ ಆಗಲ್ಲ.' ಯಾವುದಪ್ಪಾ ಅಂದೆ. 'ಪವರ್‌ದು ಸರ್' ಅಂದ. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಆಮೇಲೆ ಡಾಕ್ಟರ್ ಗೆಳೆಯನನ್ನು ಕೇಳಿದೆ. ಮೆಫೆಂಟರ್ಮಿನ್ ಇರಬೇಕು ಅಂದ. ಆಪರೇಷನ್ ಟೇಬಲ್ ಮೇಲೆ ಬಿಪಿ ಕುಸಿದಾಗ ಏರಿಸಲು ಕೊಡುವ ಔಷಧಿ ಅದು. ಬಿಪಿ ಮೊದಲೇ ಜಾಸ್ತಿ ಇರುವ ನನಗೆ ಡಂಬಲ್ ಎತ್ತಲು ಅದು! ಆ ಜಿಮ್ ಫೀಸು ಹಾಗೇ ಹೋಯಿತು.

ಈಗ ಡಬ್ಬಿ. ನಾನು ಡಾಕ್ಟರಲ್ಲ, ಆದರೂ ಇಷ್ಟು ಹೇಳಬಲ್ಲೆ: ಇವತ್ತೇ ನಿಲ್ಲಿಸಿ. ಒಳಗೆ ಸುಮ್ನೆ ಹಾಲಿನ ಪ್ರೋಟೀನ್ ಇರಬಹುದು, ಸ್ಟೆರಾಯ್ಡ್ ಬೆರೆತಿರಲೂಬಹುದು. ನೋಡಿ ಹೇಳಲು ಆಗುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಸ್ಟೆರಾಯ್ಡ್ ಹೋದರೆ ಮೂಳೆಯ ಬೆಳವಣಿಗೆ ಬೇಗ ನಿಂತುಹೋಗಬಹುದು, ಎತ್ತರ ಅಲ್ಲಿಗೇ. ಗಂಡುಮಕ್ಕಳಲ್ಲಿ ವೃಷಣ ಕುಗ್ಗುತ್ತದೆ, ಎದೆ ಊದಬಹುದು. ಮುಖದ ತುಂಬ ಮೊಡವೆ, ಮಾತಿಗೆ ಮುಂಚೆ ಸಿಟ್ಟು. ಇದನ್ನು ಅವನಿಗೇ ಹೇಳಿ. ಮುಜುಗರವಾದರೆ ಅವರಪ್ಪನ ಕೈಲಿ ಹೇಳಿಸಿ. ಡಬ್ಬಿಯನ್ನು ಮಾತ್ರ ಎಸೆಯಬೇಡಿ. ನಾಳೆ ಏನಾದರೂ ಸ್ಯಾಂಪಲ್‌ನಲ್ಲಿ ಸಿಕ್ಕರೆ ಎಲ್ಲಿಂದ ಬಂತು ಅಂತ ತೋರಿಸಬೇಕಾದವನು ಅವನೇ. ಮುಚ್ಚಳ ಬಿಗಿ ಮಾಡಿ, ಯಾರು ಯಾವಾಗ ಕೊಟ್ಟರು ಅಂತ ಚೀಟಿ ಬರೆದು ಅಂಟಿಸಿ, ಬೀರುವಿನಲ್ಲಿಡಿ. ಕೋಚ್‌ಗೂ ವಿಷಯ ಮುಟ್ಟಿಸಿ. ಅವರ ಮುಖ ಹೇಗಾಗುತ್ತದೆ ನೋಡಿಕೊಳ್ಳಿ. 'ಅಷ್ಟಕ್ಕೆಲ್ಲ ಯಾಕಮ್ಮ ತಲೆ ಕೆಡಿಸಿಕೊಳ್ತೀರಿ' ಅಂದರೆ ಕೋಚನ್ನು ಬದಲಾಯಿಸುವ ಹೊತ್ತಾಯಿತು ಅಂತ ತಿಳಿಯಿರಿ.

ಸಿರಪ್ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಎಂಟು ತಿಂಗಳ ನಿಷೇಧಕ್ಕೆ ಒಳಗಾಗಿದ್ದು ಟರ್ಬುಟಲಿನ್ ಎಂಬ ನಿಷೇಧಿತ ಔಷಧಿಯಿಂದ. ಕೆಮ್ಮಿನ ಸಿರಪ್ ಕುಡಿದಿದ್ದೆ ಅಂದಿದ್ದರು. ನಮ್ಮಲ್ಲಿ ಸಿಗುವ ಎಷ್ಟೋ ಸಿರಪ್‌ಗಳಲ್ಲಿ ಅದು ಇರುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ 'ಕೆಮ್ಮಿಗೆ ಒಂದು ಕೊಡಿ' ಅಂತ ತರಬೇಡಿ. ಹುಡುಗ ಓಟಗಾರ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಚೀಟಿ ಬರೆಸಿಕೊಂಡು ಇಟ್ಟುಕೊಳ್ಳಿ. ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಎಂಬ ಆ್ಯಪ್ ಇದೆ. ಔಷಧಿ ಹೆಸರು ಹಾಕಿದರೆ ನಿಷೇಧ ಇದೆಯೋ ಇಲ್ಲವೋ ತಿಳಿಯುತ್ತದೆ. ಆಸ್ತಮಾದಂಥ ನಿಜವಾದ ಕಾಯಿಲೆಗೆ ನಿಷೇಧಿತ ಔಷಧಿಯೇ ಬೇಕಾದರೆ ಮೊದಲೇ ಅರ್ಜಿ ಹಾಕಿ ವಿನಾಯಿತಿ ಪಡೆಯಲೂಬಹುದು.

ಕೊನೆಯದು ಕಾಫಿ. ಓಟದ ದಿನ ಬೆಳಿಗ್ಗೆ ಒಂದು ಲೋಟ ಕುಡಿದೇ ಹೊರಡುತ್ತಾನೆ, ಅದೂ ತಪ್ಪಾ ಅಂತ ಕೇಳಿದ್ದೀರಿ. ಹಿಂದೆ ಕೆಫೀನ್‌ಗೂ ಮಿತಿ ಇತ್ತು, 2004ರಲ್ಲಿ ಪಟ್ಟಿಯಿಂದ ತೆಗೆದರು. ಧಾರಾಳವಾಗಿ ಕೊಡಿ. ಚಿಕೋರಿ ಮಾತ್ರ ಕಡಿಮೆ ಹಾಕಿ, ಅದು ನನ್ನ ಸ್ವಂತ ಅಭಿಪ್ರಾಯ.